ಸರ್ವಾಧಿಕಾರದಿಂದ ಪಾರಾಗಿ ಬಂದವರು ಕುಟುಂಬವನ್ನು ಕರೆಸಿಕೊಳ್ಳುವುದು ಹೇಗೆ: ಅಫ್ಘನ್ ಗೆಳೆಯರ ಬೆನ್ನಿಗೆ ನಿಲ್ಲುವ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಮೈಸೂರು, ಧಾರವಾಡ, ಬೆಂಗಳೂರಿನಲ್ಲಿ ಓದುತ್ತಿದ್ದ ಅಫ್ಘನ್ ಹುಡುಗ ಹುಡುಗಿಯರು ರಾತ್ರಿ ಬೆಳಗಾಗುವುದರೊಳಗೆ ವಾಪಸ್ ಹೋಗಲಾರದವರಾದರು. ಓದು ಮುಗಿಸಿ ಊರಿಗೆ ಹೋಗಿ ಕೆಲಸ ಹಿಡಿಯಬೇಕೆಂದುಕೊಂಡಿದ್ದವರು ಅವರು. ಅಪ್ಪ ಹಿಂದಿನ ಸರಕಾರದ ಸೇನೆಯಲ್ಲಿದ್ದವರು, ಅಕ್ಕ ಟಿವಿ ವಾಹಿನಿಯಲ್ಲಿದ್ದವಳು, ಅಮ್ಮ ಹೆಣ್ಣುಮಕ್ಕಳ ಶಾಲೆಯ ಟೀಚರ್. ಇಂಥ ಮನೆಗಳಿಂದ ಬಂದವರಿಗೆ ತಮ್ಮ ಪ್ರಾಣಕ್ಕಿಂತ ಅಲ್ಲಿ ಉಳಿದವರ ಪ್ರಾಣದ ಚಿಂತೆ ದೊಡ್ಡದು. 2022ರ ಡಿಸೆಂಬರ್ 20ರಂದು ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ ಮೇಲೆ ತಂಗಿಯಂದಿರ ಚಿಂತೆಯೂ ಸೇರಿಕೊಂಡಿತು.

ನಿಮ್ಮ ಸಹಪಾಠಿ, ನಿಮ್ಮ ವಿದ್ಯಾರ್ಥಿ, ನಿಮ್ಮ ಮನೆಯ ಬಾಡಿಗೆದಾರ, ಜರ್ಮನಿಯಲ್ಲೋ ಕೆನಡಾದಲ್ಲೋ ನಿಮ್ಮ ಪಕ್ಕದ ಮನೆಯವರು ಇಂಥವರಲ್ಲಿ ಒಬ್ಬರಾಗಿದ್ದರೆ ಈ ಬರಹ ನಿಮಗೆ. ನಾನು ಇಂಥ ಕೆಲವು ಮಕ್ಕಳ ಜೊತೆ ಕೂತು ಅರ್ಜಿ ತುಂಬಿಸಿದ್ದೇನೆ, ವಕೀಲರ ಬಳಿಗೆ ಹೋಗಿದ್ದೇನೆ. ಆ ಅನುಭವದಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪಿಸಿಕೊಂಡು ಬರುವವರು ಒಬ್ಬರೇ ಬರುತ್ತಾರೆ. ಆದರೆ ಅವರು ತುಂಬುವ ಮೊಟ್ಟಮೊದಲ ಅರ್ಜಿ ಇಡೀ ಮನೆಯದ್ದಾಗಿರಬೇಕು. ಆ ಹಾಳೆಯಲ್ಲಿ ಹೆಸರಿಲ್ಲದ ತಮ್ಮ, ಹೆಂಡತಿ, ಮಗು ಮುಂದೆ ಹತ್ತು ವರ್ಷವಾದರೂ ಕಾನೂನಿನ ಕಣ್ಣಿಗೆ ಬೀಳದೆ ಹೋಗಬಹುದು. ಉಳಿದ ತಪ್ಪುಗಳನ್ನು ಹೇಗಾದರೂ ಸರಿಪಡಿಸಬಹುದು, ಇದನ್ನು ಸರಿಪಡಿಸುವುದು ಬಹಳ ಕಷ್ಟ.

ಕಾನೂನು ಎಲ್ಲಿ ನಿಲ್ಲುತ್ತದೆ, ತಿಳಿದುಕೊಳ್ಳಿ

ಬೈಲಕುಪ್ಪೆ, ಮುಂಡಗೋಡು ನೋಡಿದ ನಮಗೆ ನಿರಾಶ್ರಿತರೆಂದರೆ ಸರಕಾರವೇ ಜಾಗ ಕೊಟ್ಟು ನೆಲೆ ನಿಲ್ಲಿಸಿದವರ ಚಿತ್ರ ಕಣ್ಣಿಗೆ ಬರುತ್ತದೆ. 1960ರ ದಶಕದಲ್ಲಿ ಟಿಬೆಟಿನವರಿಗೆ ಹಾಗೆ ಆಯಿತು, ಅದು ನಮ್ಮ ನಾಡಿನ ಹೆಮ್ಮೆ. ಅಫ್ಘನ್ನರಿಗೆ ಆ ದಾರಿ ಇಲ್ಲ. ಟಿಬೆಟ್ ಮತ್ತು ಶ್ರೀಲಂಕಾದಿಂದ ಬಂದವರನ್ನು ಭಾರತ ಸರಕಾರ ನೇರವಾಗಿ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ ಮುಂತಾದ ಕಡೆಯಿಂದ ಬಂದವರ ನೋಂದಣಿಯನ್ನು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್, ಅಂದರೆ ಯುಎನ್‌ಎಚ್‌ಸಿಆರ್ ಕಚೇರಿ ಮಾಡುತ್ತದೆ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಕಾನೂನೂ ಇಲ್ಲ. ಹಾಗಾಗಿ ಯುಎನ್‌ಎಚ್‌ಸಿಆರ್ ಕೊಡುವ ಕಾರ್ಡ್ ಬಹಳ ಬೆಲೆಯುಳ್ಳದ್ದೇ ಆದರೂ ಅದು ವೀಸಾ ಅಲ್ಲ. ಅದೊಂದನ್ನೇ ನಂಬಿಕೊಂಡು ವೀಸಾ ಮುಗಿಯಲು ಬಿಡಬೇಡಿ. 2025ರ ಸೆಪ್ಟೆಂಬರ್‌ನಿಂದ ಹಳೆಯ 1946ರ ವಿದೇಶೀಯರ ಕಾಯ್ದೆಯ ಜಾಗದಲ್ಲಿ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂದಿದೆ. ವೀಸಾ ಇಲ್ಲದೆ ಉಳಿಯುವುದು ಅದರಲ್ಲೂ ಅಪರಾಧವೇ.

ಆದರೂ ಎಲ್ಲ ಬಾಗಿಲೂ ಮುಚ್ಚಿಲ್ಲ. ಸಂವಿಧಾನದ 21ನೇ ವಿಧಿಯ ಜೀವರಕ್ಷಣೆ ಪ್ರಜೆಗಳಲ್ಲದವರಿಗೂ ಇದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಈಗಿನ ಬಾಂಗ್ಲಾದೇಶದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರ ಪ್ರಕರಣದಲ್ಲಿ ಹೇಳಿತು. 2021ರ ಮೇ ತಿಂಗಳಲ್ಲಿ ಮಣಿಪುರ ಹೈಕೋರ್ಟ್, ಮ್ಯಾನ್ಮಾರ್‌ನ ಸೇನಾಡಳಿತದಿಂದ ಓಡಿಬಂದಿದ್ದ ಏಳು ಜನರನ್ನು ಯುಎನ್‌ಎಚ್‌ಸಿಆರ್ ಕಾಣಲು ದೆಹಲಿಗೆ ಸುರಕ್ಷಿತವಾಗಿ ಹೋಗಲು ಬಿಡಬೇಕೆಂದು ಆದೇಶಿಸಿತು. ಅದೇ ವರ್ಷ ರೋಹಿಂಗ್ಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಡೀಪಾರು ತಡೆಯಲು ಒಪ್ಪಲಿಲ್ಲ ಎಂಬುದನ್ನೂ ಮರೆಯಬಾರದು. ಕೋರ್ಟು ಕೈಹಿಡಿಯಬಹುದು, ಹಿಡಿಯದೆಯೂ ಇರಬಹುದು. ಅದಕ್ಕೇ ಕಾಗದಪತ್ರ ಮೊದಲಿನಿಂದಲೂ ಚೊಕ್ಕವಾಗಿರಬೇಕು.

ಅಫ್ಘನ್ ಹಿಂದೂ, ಸಿಖ್, ಕ್ರೈಸ್ತರಾಗಿದ್ದು 2014ರ ಡಿಸೆಂಬರ್ 31ರೊಳಗೆ ಭಾರತಕ್ಕೆ ಬಂದಿದ್ದರೆ ಪೌರತ್ವ ತಿದ್ದುಪಡಿ ಕಾಯ್ದೆಯ ದಾರಿ ಬೇರೆಯೇ ಇದೆ. ಹಜಾರಾ, ತಾಜಿಕ್, ಪಶ್ತೂನ್ ಜನಾಂಗಗಳ ಮುಸ್ಲಿಮರಿಗೆ ಅದು ಅನ್ವಯಿಸುವುದಿಲ್ಲ.

ಮೊದಲ ವಾರದ ಕೆಲಸ: ವೀಸಾ ಮತ್ತು ವಿಳಾಸ

ಪಾಸ್‌ಪೋರ್ಟ್ ತೆಗೆಸಿ ವೀಸಾ ಎಂದು ಮುಗಿಯುತ್ತದೆ ನೋಡಿ. ವಿದ್ಯಾರ್ಥಿ ವೀಸಾ ಆಗಿದ್ದರೆ ಮುಗಿಯುವುದಕ್ಕೆ ಸಾಕಷ್ಟು ಮೊದಲೇ ವಿದೇಶೀಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ವಿಸ್ತರಣೆಗೆ ಅರ್ಜಿ ಹಾಕಬೇಕು. ಅದಕ್ಕೆ ಕಾಲೇಜಿನ ಬೋನಫೈಡ್ ಸರ್ಟಿಫಿಕೇಟ್, ಶುಲ್ಕ ಕಟ್ಟಿದ ರಸೀದಿ, ಬಾಡಿಗೆ ಕರಾರು ಪತ್ರ ಬೇಕಾಗುತ್ತವೆ. ನಮ್ಮಂಥವರ ನೆರವು ಹೆಚ್ಚು ಬೇಕಾಗುವುದು ಇಲ್ಲೇ. ಡಿಗ್ರಿ ಮುಗಿದ ಹುಡುಗಿಗೆ ಪಿಎಚ್‌ಡಿಯಲ್ಲೋ ಇನ್ನೊಂದು ಕೋರ್ಸಿನಲ್ಲೋ ನಿಜವಾಗಿ ಓದುವ ಅವಕಾಶ ಮಾಡಿಕೊಡುವ ಒಬ್ಬ ಪ್ರಾಧ್ಯಾಪಕರು ಅವಳಿಗೆ ಎರಡು ಮೂರು ವರ್ಷ ಕಾನೂನುಬದ್ಧ ನೆಲೆ ಕೊಟ್ಟಂತೆ.

ಮನೆ ಬಾಡಿಗೆಗೆ ಕೊಟ್ಟವರು ನೀವಾದರೆ ವಿದೇಶೀಯರು ಬಂದ 24 ಗಂಟೆಯೊಳಗೆ ಅವರು ನಿಮ್ಮಲ್ಲಿ ಉಳಿದಿರುವುದನ್ನು ತಿಳಿಸುವ ಫಾರ್ಮ್ (ಹಳೆಯ ಹೆಸರು ಫಾರ್ಮ್ ಸಿ) ತುಂಬಿ ಸಲ್ಲಿಸಿ. ಅದು ನಿಮ್ಮ ಕರ್ತವ್ಯ. ಅದನ್ನು ಮಾಡದೆ, ಕರಾರು ಪತ್ರವನ್ನೂ ಕೊಡದೆ ‘ಪಾಪ ಇರಲಿ ಬಿಡಿ’ ಎಂದು ಇಟ್ಟುಕೊಂಡರೆ ಅವರಿಗೆ ನಾಳೆ ವಿಳಾಸದ ದಾಖಲೆಯೇ ಇರುವುದಿಲ್ಲ. ವೀಸಾ ವಿಸ್ತರಣೆ ಅಲ್ಲೇ ನಿಲ್ಲುತ್ತದೆ.

ವೀಸಾ ಇನ್ನೂ ಜೀವಂತ ಇರುವಾಗಲೇ ವಕೀಲರನ್ನು ಕಾಣಿ. ವಿದ್ಯಾರ್ಥಿ ವೀಸಾದಲ್ಲಿ ಮುಂದುವರಿಯುವುದೋ, ಯುಎನ್‌ಎಚ್‌ಸಿಆರ್‌ನಲ್ಲಿ ಆಶ್ರಯ ಕೇಳುವುದೋ, ಯಾವುದು ಮೊದಲು ಎಂಬ ತೀರ್ಮಾನ ಒಬ್ಬೊಬ್ಬರಿಗೆ ಒಂದೊಂದು ಥರ. ದೆಹಲಿಯ ಮೈಗ್ರೇಶನ್ ಅಂಡ್ ಅಸೈಲಮ್ ಪ್ರಾಜೆಕ್ಟ್‌ನಂಥ ಸಂಸ್ಥೆಗಳಲ್ಲಿ ನಿರಾಶ್ರಿತರ ಕಾನೂನು ಬಲ್ಲವರಿದ್ದಾರೆ. ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಉಚಿತ ನೆರವು ಕೊಡುತ್ತದೆ. ಅಲ್ಲಿ ಭಾರತೀಯರೇ ಆಗಿರಬೇಕೆಂಬ ಮಾತಿಲ್ಲ. ಸಹಾಯವಾಣಿ 15100. ಈ ಸಂಖ್ಯೆಯನ್ನು ಅವರ ಫೋನಿನಲ್ಲಿ ಇವತ್ತೇ ಸೇವ್ ಮಾಡಿಸಿ.

ಅಮ್ಮನಿಗೆ ಹುಷಾರಿಲ್ಲ ಎಂದು ಒಂದು ವಾರದ ಮಟ್ಟಿಗೆ ಕಾಬೂಲಿಗೆ ಹೋಗಿಬರುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ತಡೆಯಿರಿ. ಪ್ರಾಣಭಯವಿದೆ ಎಂದವರು ತಾವಾಗಿ ಹೋಗಿಬಂದರೆ ಮುಂದೆ ಆಶ್ರಯ ಕೇಳುವಾಗ ಆ ಒಂದು ಸೀಲು ಅವರ ವಿರುದ್ಧ ಸಾಕ್ಷಿಯಾಗುತ್ತದೆ. ಓಡಿಬಂದ ಸರಕಾರದ ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟ್ ನವೀಕರಿಸುವುದೂ ಪ್ರಶ್ನೆಗಳನ್ನು ತರಬಹುದು. ಅದಕ್ಕೆ ಮುಂಚೆ ವಕೀಲರನ್ನು ಕೇಳಲೇಬೇಕು.

ಅಲ್ಲಿರುವವರ ಫೋನು

ಈ ವಿಷಯದಲ್ಲಿ ನಾವು ಇಲ್ಲಿ ಕೂತು ಮಾಡುವ ಸಣ್ಣ ಉತ್ಸಾಹ ಅಲ್ಲಿ ದೊಡ್ಡ ಅನಾಹುತ ಮಾಡಬಹುದು. ತಾಲಿಬಾನ್ ತಪಾಸಣೆ ಕಟ್ಟೆಗಳಲ್ಲಿ ಫೋನು ತೆಗೆಸಿ ನೋಡುತ್ತಾರೆ. ಹಾಗಾಗಿ ಮನೆಯವರ ಫೋನಿನಲ್ಲಿ ವೀಸಾ ಅರ್ಜಿ, ಯುಎನ್‌ಎಚ್‌ಸಿಆರ್ ಪತ್ರ, ಹಳೆಯ ಸರಕಾರದ ಐಡಿ ಕಾರ್ಡಿನ ಫೋಟೋ ಯಾವುದೂ ಉಳಿಯಬಾರದು. ದಾಖಲೆಗಳ ಫೋಟೋ ಅಲ್ಲಿಂದ ಇಲ್ಲಿಗೆ ಬಂದ ಕೂಡಲೇ ಅಲ್ಲಿ ಅಳಿಸಿಹೋಗಬೇಕು, ಇಲ್ಲಿ ಎರಡು ಬೇರೆ ಬೇರೆ ಕಡೆ ಭದ್ರವಾಗಿರಬೇಕು. ತಾನಾಗಿ ಅಳಿಯುವ ಸಂದೇಶಗಳ ವ್ಯವಸ್ಥೆ ಸಿಗ್ನಲ್‌ನಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಇದೆ. ಫೋಟೋ ಡಿಲೀಟ್ ಮಾಡಿದ ಮೇಲೆ ‘ಇತ್ತೀಚೆಗೆ ಅಳಿಸಿದವು’ ಎಂಬ ಫೋಲ್ಡರಿನಿಂದಲೂ ತೆಗೆಯಲು ಹೇಳಿ. ಹಲವರು ಅದನ್ನು ಮರೆಯುತ್ತಾರೆ.

ನೀವು ಮಾಡಬಾರದ್ದು ಇಷ್ಟು: ಅವರ ಕಥೆಯನ್ನು ಹೆಸರು, ಫೋಟೋ, ಊರಿನ ಸಮೇತ ಫೇಸ್‌ಬುಕ್ಕಿನಲ್ಲಿ ಹಾಕುವುದು. ಪತ್ರಿಕೆಯವರನ್ನು ಅವರ ಒಪ್ಪಿಗೆಯಿಲ್ಲದೆ ಕರೆದುಕೊಂಡು ಬರುವುದು. ಕಾಲೇಜು ಸಮಾರಂಭದಲ್ಲಿ ವೇದಿಕೆ ಹತ್ತಿಸಿ ತಾಲಿಬಾನ್ ಬಗ್ಗೆ ಮಾತಾಡಿಸಿ ಅದರ ವಿಡಿಯೊ ಹಂಚುವುದು. ಕಷ್ಟ ಹಂಚಿಕೊಳ್ಳುವುದು ಬಿಡುವುದು ಅವರ ಆಯ್ಕೆ, ಅದಕ್ಕೆ ತೆರಬೇಕಾದ ಬೆಲೆಯನ್ನು ತೆರುವವರು ಅವರ ಮನೆಯವರು.

ಹೆಸರು, ತಾರೀಖು, ತಜ್ಕಿರಾ

ಇನ್ನು ಬಹಳ ತಾಳ್ಮೆ ಬೇಡುವ ಕೆಲಸ. ಅಫ್ಘನ್ನರ ಗುರುತಿನ ಪತ್ರಕ್ಕೆ ತಜ್ಕಿರಾ ಎನ್ನುತ್ತಾರೆ. ಹಳೆಯದು ಕೈಬರಹದ ಕಾಗದ, ಹೊಸದು ಇ-ತಜ್ಕಿರಾ ಕಾರ್ಡ್. ಹಳೆಯದರಲ್ಲಿ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು ಇರುತ್ತವೆ. ಮನೆತನದ ಹೆಸರು ಬಹಳ ಸಲ ಇರುವುದೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಂಡು ಪಾಸ್‌ಪೋರ್ಟ್ ಅರ್ಜಿಯ ‘ಸರ್‌ನೇಮ್’ ಕಾಲಂ ಎದುರು ಪೇಚಾಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕ ಒಂದು ಮನೆತನದ ಹೆಸರು ಇಟ್ಟುಕೊಂಡು ಭಾರತದ ವೀಸಾ ಪಡೆದಿರುತ್ತಾಳೆ, ತಮ್ಮನ ಪಾಸ್‌ಪೋರ್ಟಿನಲ್ಲಿ ಬೇರೆ ಇರುತ್ತದೆ, ಅಪ್ಪನಿಗೆ ಏನೂ ಇರುವುದಿಲ್ಲ. ಮೂವರೂ ಒಂದೇ ಮನೆಯವರೆಂದು ಬರ್ಲಿನ್ನಿನ ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ಹುಟ್ಟಿದ ದಿನದ್ದು ಇನ್ನೂ ಸಿಕ್ಕುಸಿಕ್ಕು. ಹಳೆಯ ತಜ್ಕಿರಾದಲ್ಲಿ ಹುಟ್ಟಿದ ತಾರೀಖಿನ ಬದಲು ‘1397ರಲ್ಲಿ 9 ವರ್ಷ’ ಎಂದಷ್ಟೇ ಇರುತ್ತದೆ. ಅದು ಸೌರಮಾನ ಹಿಜರಿ ಇಸವಿ, ಮಾರ್ಚ್ 21ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಇಂಗ್ಲಿಷ್ ಇಸವಿಗೆ ತರಲು 621 ಕೂಡಿಸಬೇಕು. 1397ರಲ್ಲಿ 9 ವರ್ಷ ಎಂದರೆ ಹುಟ್ಟಿದ್ದು 1388, ಅಂದರೆ 2009ರ ಮಾರ್ಚ್‌ನಿಂದ 2010ರ ಮಾರ್ಚ್‌ವರೆಗೆ ಯಾವಾಗಲಾದರೂ ಆಗಿರಬಹುದು. ಒಬ್ಬ ಗುಮಾಸ್ತ 2009ರ ಜನವರಿ 1 ಎಂದು ಬರೆದುಬಿಡುತ್ತಾನೆ, ಇನ್ನೊಬ್ಬ 2010ರ ಜನವರಿ 1 ಎಂದು. ಹುಡುಗ ನಿಜವಾಗಿ ಹುಟ್ಟಿದ್ದು 2010ರ ಫೆಬ್ರುವರಿಯಲ್ಲಾಗಿದ್ದರೆ ಮೊದಲ ಬರಹದಿಂದ ಅವನ ಬಾಲ್ಯದ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಗದದ ಮೇಲೆ ಅಳಿಸಿಹೋಯಿತು. ಯುರೋಪಿನ ದೇಶಗಳಲ್ಲಿ 18 ತುಂಬಿದವರನ್ನು ಮಗು ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಒಂದು ವರ್ಷದಲ್ಲಿ ಮಗ ಅಪ್ಪನನ್ನು ಸೇರುವುದೋ ಬಿಡುವುದೋ ತೀರ್ಮಾನವಾಗುತ್ತದೆ.

ತಾಲಿಬಾನ್ ಬಂದ ಮೇಲೆ ಸರಕಾರಿ ಕಾಗದಗಳಲ್ಲಿ ಚಾಂದ್ರಮಾನ ಹಿಜರಿ ಇಸವಿಯೂ ಬರತೊಡಗಿದೆ. ಎರಡರ ನಡುವೆ ನಲವತ್ತಕ್ಕೂ ಹೆಚ್ಚು ವರ್ಷದ ಅಂತರ. ಸೌರಮಾನದ 1388ನ್ನು ಅಂತರ್ಜಾಲದ ಯಾವುದೋ ಪರಿವರ್ತಕದಲ್ಲಿ ಚಾಂದ್ರಮಾನವೆಂದು ಹಾಕಿದರೆ 1968 ಎಂದು ಉತ್ತರ ಬರುತ್ತದೆ! ಅನುವಾದಕರು ಕೊಟ್ಟ ಪ್ರತಿಯನ್ನು ಕಣ್ಣುಮುಚ್ಚಿ ಸಲ್ಲಿಸದೆ ಪ್ರತಿಯೊಂದು ಇಸವಿಯನ್ನೂ ಮನೆಯವರ ಜೊತೆ ಕೂತು ತಾಳೆ ನೋಡಿ.

ನಾನು ಕೆಲಸ ಶುರುಮಾಡುವಾಗ ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಂಡು ವಂಶವೃಕ್ಷ ಬರೆಸುತ್ತೇನೆ. ಅಜ್ಜ ಅಜ್ಜಿಯಿಂದ ಹಿಡಿದು ಹಾಲುಗೂಸಿನವರೆಗೆ. ಪ್ರತಿ ಹೆಸರಿನ ಕೆಳಗೆ ಅದು ಯಾವ ಯಾವ ದಾಖಲೆಯಲ್ಲಿ ಹೇಗೆ ಹೇಗೆ ಬಿದ್ದಿದೆ ಎಂಬುದನ್ನು ಬರೆಸುತ್ತೇನೆ: ಮೊಹಮ್ಮದ್, ಮುಹಮ್ಮದ್, ಮಹಮದ್, ಹುಸೇನ್, ಹೊಸೈನ್. ಪಾಸ್‌ಪೋರ್ಟಿನ ಕಾಗುಣಿತವನ್ನೇ ಮುಂದೆ ಎಲ್ಲ ಕಡೆ ಬಳಸುವುದೆಂದು ತೀರ್ಮಾನಿಸಿ, ಉಳಿದವನ್ನು ‘ಈ ಹೆಸರಿನಿಂದಲೂ ಪರಿಚಿತ’ ಎಂಬ ಕಾಲಂನಲ್ಲಿ ತೋರಿಸಬೇಕು. ತೀರಿಕೊಂಡವರ ಹೆಸರು, ನಾಪತ್ತೆಯಾದವರ ಹೆಸರು, ಸಾಕಿಕೊಂಡ ಅಣ್ಣನ ಮಗಳ ಹೆಸರು, ಅಪ್ಪನ ಎರಡನೇ ಹೆಂಡತಿಯ ಹೆಸರು, ನಿಶ್ಚಿತಾರ್ಥವಾದ ಹುಡುಗನ ಹೆಸರು ಎಲ್ಲವೂ ಹಾಳೆಯ ಮೇಲೆ ಬರಬೇಕು. ನಾಚಿಕೆಯಿಂದ, ಭಯದಿಂದ, ‘ಇವರನ್ನು ಹೇಳಿದರೆ ಅರ್ಜಿ ತಿರಸ್ಕಾರವಾಗುತ್ತದೆ’ ಎಂದು ಯಾರೋ ಹೇಳಿದ್ದರಿಂದ ಜನ ಹೆಸರು ಮುಚ್ಚಿಡುತ್ತಾರೆ. ನನಗೆ ಪರಿಚಯದ ಒಬ್ಬ ಹುಡುಗಿ ಸೋದರಮಾವನ ಮಗಳನ್ನು ತಂಗಿಯೆಂದೇ ಬರೆಯಲು ಹೊರಟಿದ್ದಳು. ಚಿಕ್ಕಂದಿನಿಂದ ಒಂದೇ ಹಾಸಿಗೆಯಲ್ಲಿ ಮಲಗಿದವರು, ಅವಳಿಗೆ ಅದು ಸುಳ್ಳೆಂದು ಅನಿಸಿಯೇ ಇರಲಿಲ್ಲ. ಆದರೆ ಡಿಎನ್‌ಎ ಪರೀಕ್ಷೆ ಕೇಳುವ ದೇಶಗಳಿವೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನೂರು ಸತ್ಯಗಳೂ ಅನುಮಾನಕ್ಕೆ ಗುರಿಯಾಗುತ್ತವೆ. ‘ಮನೆಯಲ್ಲಿ ಸಾಕಿಕೊಂಡ ಸಂಬಂಧಿ, ನಮ್ಮ ಮೇಲೇ ಅವಲಂಬಿತಳು’ ಎಂದು ಇದ್ದದ್ದನ್ನು ಇದ್ದಂತೆ ಬರೆಸಿದೆವು.

ಮದುವೆಯ ದಾಖಲೆಗೂ ಇಷ್ಟೇ ಗಮನ ಬೇಕು. ನಿಕಾಹ್ ಮನೆಯಲ್ಲಿ ಮುಲ್ಲಾ ಎದುರು ಆಗಿ ಕಾಗದವೇ ಇಲ್ಲದಿರುವುದು ಸಾಮಾನ್ಯ. ಮದುವೆಯ ಫೋಟೋ, ಸಾಕ್ಷಿಗಳ ಹೇಳಿಕೆ, ಆಗಿನಿಂದ ಈಗಿನವರೆಗಿನ ಫೋನ್ ಕರೆಗಳ ದಾಖಲೆ, ಹಣ ಕಳಿಸಿದ ರಸೀದಿ ಎಲ್ಲವೂ ಸಾಕ್ಷ್ಯವೇ.

ದೆಹಲಿಯ ನೋಂದಣಿ ಮತ್ತು ಸಂದರ್ಶನ

ಯುಎನ್‌ಎಚ್‌ಸಿಆರ್ ಕಚೇರಿ ಇರುವುದು ದೆಹಲಿಯ ವಸಂತ್ ವಿಹಾರ್‌ನಲ್ಲಿ. ಮೊದಲು ಅವರ ಜಾಲತಾಣದಲ್ಲಿ ಹೇಳಿದಂತೆ ಸಂಪರ್ಕಿಸಿ ದಿನ ನಿಗದಿಪಡಿಸಿಕೊಳ್ಳಬೇಕು. ಸುಮ್ಮನೆ ಹೋಗಿ ಗೇಟಿನ ಮುಂದೆ ನಿಂತರೆ ಪ್ರಯೋಜನವಿಲ್ಲ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗುವುದೆಂದರೆ ಒಂದೂವರೆ ದಿನಕ್ಕೂ ಹೆಚ್ಚಿನ ಪ್ರಯಾಣ. ಟಿಕೆಟ್ ಖರ್ಚು, ಅಲ್ಲಿ ಉಳಿಯುವ ಜಾಗ, ಜೊತೆಗೊಬ್ಬರು, ಇಷ್ಟನ್ನು ನೀವು ವಹಿಸಿಕೊಂಡರೆ ಅದು ಬಹಳ ದೊಡ್ಡ ನೆರವು.

ನೋಂದಣಿಯಾದಾಗ ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಪ್ರಮಾಣಪತ್ರ ಸಿಗುತ್ತದೆ. ಆಮೇಲೆ ವಿವರವಾದ ಸಂದರ್ಶನ, ಅದರ ನಂತರ ನಿರಾಶ್ರಿತರೆಂಬ ಮಾನ್ಯತೆ. ಕಾಯುವುದು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ. 2025ರ ಅನುದಾನ ಕಡಿತದ ಮೇಲೆ ಇಂಥ ಕಚೇರಿಗಳ ಕೆಲಸ ಇನ್ನಷ್ಟು ನಿಧಾನವಾಗಿದೆ. ಯಾವ ಹಂತದಲ್ಲೂ ಶುಲ್ಕವಿಲ್ಲ. ‘ಒಳಗೆ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಕೆನಡಾ ಪಟ್ಟಿಗೆ ಹೆಸರು ಸೇರಿಸುತ್ತೇವೆ’ ಎನ್ನುವವರು ಮೋಸಗಾರರು. ಅಪ್ಪ ಕಾಬೂಲಿನಲ್ಲಿ ಮನೆ ಮಾರಿ ಕಳಿಸಿದ ಹಣ ಇಂಥವರ ಪಾಲಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಭಾರತ ಸಹಿ ಹಾಕದಿದ್ದರೂ ಯುಎನ್‌ಎಚ್‌ಸಿಆರ್ ಅನುಸರಿಸುವ 1951ರ ಒಪ್ಪಂದದ ಪ್ರಕಾರ ಭಯ ಇದ್ದರೆ ಸಾಲದು. ಆ ಭಯ ಐದರಲ್ಲಿ ಒಂದು ಕಾರಣಕ್ಕೆ ತಳುಕು ಹಾಕಿಕೊಂಡಿರಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಹಾಗಾಗಿ ‘ನಮ್ಮ ದೇಶದಲ್ಲಿ ತುಂಬಾ ಕಷ್ಟ’ ಎಂದು ಅಳುವುದಕ್ಕಿಂತ ‘ನಾನು ಹಜಾರಾ, ನನ್ನಪ್ಪ ಇಂಥ ಇಲಾಖೆಯಲ್ಲಿದ್ದರು, ಇಂಥ ತಿಂಗಳಲ್ಲಿ ಮನೆಗೆ ಬಂದು ವಿಚಾರಿಸಿದರು, ಆಮೇಲೆ ಅಣ್ಣ ಮನೆಗೆ ಬರಲಿಲ್ಲ’ ಎಂದು ಕ್ರಮವಾಗಿ ಹೇಳುವುದು ಮುಖ್ಯ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಬೇಕು. ಸ್ವಂತ ಭಾಷೆಯಲ್ಲೇ ಮಾತಾಡಬೇಕು. ದರಿ ಮಾತಾಡುವವರಿಗೆ ಪಶ್ತೋ ದುಭಾಷಿ ಬಂದರೆ ಸಂಕೋಚವಿಲ್ಲದೆ ಬದಲಾಯಿಸಲು ಕೇಳಬೇಕು. ಹೆಣ್ಣುಮಕ್ಕಳು ಮಹಿಳಾ ಅಧಿಕಾರಿ, ಮಹಿಳಾ ದುಭಾಷಿ ಬೇಕೆಂದು ಕೇಳಬಹುದು. ಗಂಡನ ಮುಂದೆ, ಅಣ್ಣನ ಮುಂದೆ ಹೇಳಲಾಗದ್ದು ಇದ್ದರೆ ಪ್ರತ್ಯೇಕವಾಗಿ ಮಾತಾಡಲು ಕೇಳುವ ಹಕ್ಕಿದೆ. ಹೊರಬರುವ ಮುನ್ನ ಅಲ್ಲಿ ಉಳಿದ ಪ್ರತಿಯೊಬ್ಬರ ಹೆಸರೂ ದಾಖಲಾಗಿದೆಯೇ ಎಂದು ಓದಿಸಿ ಕೇಳಿಕೊಳ್ಳಬೇಕು.

ಸಂದರ್ಶನ ಮುಗಿಸಿ ಬಂದ ದಿನ ಅವರನ್ನು ಒಂಟಿಯಾಗಿ ಬಿಡಬೇಡಿ. ಏನೇನು ಕೇಳಿದರು ಎಂದು ಕೆದಕಲೂ ಬೇಡಿ. ಊಟ ಮಾಡಿಸಿ, ಮಲಗಲು ಬಿಡಿ.

ಯಾರು ಕುಟುಂಬ, ಯಾರು ಅಲ್ಲ

ಬಹಳ ನೋವು ಕೊಡುವ ಸತ್ಯ ಇದು. ನಿರಾಶ್ರಿತರ ಕುಟುಂಬ ಕರೆಸುವ ಕಾನೂನುಗಳಲ್ಲಿ ಹೆಚ್ಚಿನ ದೇಶಗಳಿಗೆ ಕುಟುಂಬವೆಂದರೆ ಗಂಡ ಅಥವಾ ಹೆಂಡತಿ, ಮತ್ತು ಮದುವೆಯಾಗದ ಚಿಕ್ಕ ಮಕ್ಕಳು. ಅಷ್ಟೇ. ಮೈಸೂರಿನಲ್ಲಿ ಓದಿದ ಇಪ್ಪತ್ತೈದರ ಹುಡುಗಿಗೆ ಅವಳ ಅಮ್ಮ, ತಂಗಿಯರು ಆ ಲೆಕ್ಕದಲ್ಲಿ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುಳ್ಳು ಭರವಸೆಯಲ್ಲಿ ವರ್ಷಗಳು ಕಳೆದುಹೋಗುತ್ತವೆ.

ಅವಳಿಗಿರುವ ದಾರಿಗಳು ಬೇರೆ. ತಂಗಿಗೆ ಸ್ವತಂತ್ರವಾಗಿ ವಿದ್ಯಾರ್ಥಿ ವೀಸಾ, ಅಮ್ಮನಿಗೆ ನಿಜವಾಗಿ ಕಾಯಿಲೆಯಿದ್ದರೆ ವೈದ್ಯಕೀಯ ವೀಸಾ. 2021ರ ಆಗಸ್ಟ್‌ನಲ್ಲಿ ಭಾರತ ಅಫ್ಘನ್ನರಿಗೆ ಅದುವರೆಗೆ ಕೊಟ್ಟಿದ್ದ, ಇನ್ನೂ ಬಳಸದಿದ್ದ ವೀಸಾಗಳನ್ನೆಲ್ಲ ರದ್ದುಮಾಡಿ ತುರ್ತು ಇ-ವೀಸಾ ಒಂದನ್ನೇ ಉಳಿಸಿತು. ಆ ಕಾಲದಲ್ಲಿ ಸಿಕ್ಕವರು ಕೆಲವೇ ಮಂದಿ. 2025ರಲ್ಲಿ ಅಫ್ಘನ್ನರಿಗಾಗಿ ಹೊಸ ವೀಸಾ ವ್ಯವಸ್ಥೆ ಬಂದು ವಿದ್ಯಾರ್ಥಿ, ವೈದ್ಯಕೀಯ, ವ್ಯಾಪಾರ ಮುಂತಾದ ವಿಭಾಗಗಳು ಮತ್ತೆ ತೆರೆದಿವೆ. ಅರ್ಜಿ ಹಾಕುವ ದಿನ ಅಧಿಕೃತ ಜಾಲತಾಣದಲ್ಲಿ ನಿಯಮ ಓದಿಕೊಳ್ಳಿ.

ಹೆಣ್ಣುಮಕ್ಕಳ ಪ್ರಯಾಣಕ್ಕೆ ಇನ್ನೊಂದು ಸಂಕೋಲೆ ಇದೆ. 2021ರ ಡಿಸೆಂಬರ್‌ನ ತಾಲಿಬಾನ್ ಆದೇಶದಂತೆ 72 ಕಿಲೋಮೀಟರಿಗಿಂತ ದೂರ ಹೋಗಲು ಮಹ್ರಮ್, ಅಂದರೆ ಹತ್ತಿರದ ಗಂಡಸು ಸಂಬಂಧಿ ಜೊತೆಗಿರಬೇಕು. ತಂಗಿಗೆ ಮಾತ್ರ ವೀಸಾ ಸಿಕ್ಕರೆ ಅವಳನ್ನು ವಿಮಾನ ನಿಲ್ದಾಣಕ್ಕೆ ಕರೆತರುವವರು ಯಾರು ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಯೋಚಿಸಬೇಕು.

ಇನ್ನೊಂದು ಸಂಗತಿ: ಯುಎನ್‌ಎಚ್‌ಸಿಆರ್ ನೋಂದಣಿಯಾಗಲಿ ಕೆನಡಾದ ಖಾಸಗಿ ಪ್ರಾಯೋಜಕತ್ವವಾಗಲಿ (ಅದರ ವಿವರ ಮುಂದಿದೆ) ಸ್ವದೇಶದ ಗಡಿ ದಾಟಿದವರಿಗೆ ಮಾತ್ರ. ಕಾಬೂಲಿನಲ್ಲೇ ಇರುವ ಅಮ್ಮ ಕಾನೂನಿನ ಅರ್ಥದಲ್ಲಿ ಇನ್ನೂ ನಿರಾಶ್ರಿತಳಲ್ಲ. ಹಾಗೆಂದು ಆತುರದಿಂದ ಪಾಕಿಸ್ತಾನಕ್ಕೋ ಇರಾನಿಗೋ ದಾಟಿಸಬೇಡಿ. 2023ರ ಕೊನೆಯಿಂದ ಪಾಕಿಸ್ತಾನ ಲಕ್ಷಾಂತರ ಅಫ್ಘನ್ನರನ್ನು ವಾಪಸ್ ಅಟ್ಟಿದೆ. 2025ರಲ್ಲಿ ಇರಾನ್ ಅದಕ್ಕಿಂತಲೂ ಬಿರುಸಾಗಿ ಅಟ್ಟಿತು. ವೀಸಾ ಇರುವ ದಾರಿ, ಮುಂದಿನ ದೇಶದ ಅಪಾಯಿಂಟ್‌ಮೆಂಟ್, ಅಲ್ಲಿಯತನಕದ ಖರ್ಚು ಮೂರೂ ಕೈಯಲ್ಲಿಲ್ಲದೆ ಮನೆಯವರನ್ನು ಹೊರಡಿಸುವುದು ಅಪಾಯ. ಕಳ್ಳದಾರಿಯ ದಲ್ಲಾಳಿಗಳ ಕೈಗೆ ಹೆಣ್ಣುಮಕ್ಕಳನ್ನು ಒಪ್ಪಿಸುವ ಮಾತೇ ಬೇಡ.

ಜರ್ಮನಿ, ಕೆನಡಾ, ಅಮೆರಿಕದಲ್ಲಿರುವ ಕನ್ನಡಿಗರಿಗೆ

ನಿಮ್ಮ ನೆರೆಯವರಿಗೆ ಆಶ್ರಯ ಸಿಕ್ಕ ದಿನ ಸಿಹಿ ಹಂಚಿ. ಮರುದಿನವೇ ಗಡುವಿನ ತಾರೀಖು ಗೋಡೆಗೆ ಅಂಟಿಸಿ.

ಜರ್ಮನಿಯಲ್ಲಿ ಪೂರ್ಣ ನಿರಾಶ್ರಿತ ಮಾನ್ಯತೆ ಸಿಕ್ಕವರು ಮೂರು ತಿಂಗಳೊಳಗೆ ಕುಟುಂಬ ಕರೆಸುವ ಉದ್ದೇಶವನ್ನು ಲಿಖಿತವಾಗಿ ತಿಳಿಸಿದರೆ ಸಂಬಳದ ಪುರಾವೆ, ದೊಡ್ಡ ಮನೆಯ ಪುರಾವೆ ಬೇಕಾಗುವುದಿಲ್ಲ. ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ಅದಕ್ಕೊಂದು ಅರ್ಜಿ ನಮೂನೆ ಇದೆ. ಸಲ್ಲಿಸಿದ ಪ್ರತಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಪೂರ್ಣ ಮಾನ್ಯತೆಗಿಂತ ಕೆಳಗಿನ ಎರಡನೇ ದರ್ಜೆಯ ರಕ್ಷಣೆ (ಸಬ್ಸಿಡಿಯರಿ ಪ್ರೊಟೆಕ್ಷನ್) ಸಿಕ್ಕವರಿಗೆ 2025ರ ಜುಲೈನಿಂದ ಎರಡು ವರ್ಷ ಈ ಸೌಲಭ್ಯವನ್ನೇ ನಿಲ್ಲಿಸಲಾಗಿದೆ. ಕೈಯಲ್ಲಿರುವ ಪತ್ರದಲ್ಲಿ ಯಾವ ರಕ್ಷಣೆ ಎಂದು ಬರೆದಿದೆ ಎಂಬುದನ್ನು ಜರ್ಮನ್ ಬಲ್ಲ ನೀವು ಓದಿ ಹೇಳಬೇಕು.

ಕೆನಡಾದಲ್ಲಿ ನಿರಾಶ್ರಿತರಾಗಿ ಬಂದಿಳಿದವರಿಗೆ ಬಿಟ್ಟುಬಂದ ಸಂಗಾತಿ ಮತ್ತು ಮಕ್ಕಳಿಗಾಗಿ ಒಂದು ವರ್ಷದ ಅವಕಾಶವಿದೆ. ಆದರೆ ವಲಸೆಯ ಮೂಲ ಅರ್ಜಿಯಲ್ಲಿ ಅವರ ಹೆಸರು ಇದ್ದಿರಲೇಬೇಕು. ಅಲ್ಲಿ ತೋರಿಸದ ಮಗುವನ್ನು ಆಮೇಲೆ ಕರೆಸಲು ಹೋದರೆ ಕಾನೂನೇ ಅಡ್ಡ ನಿಲ್ಲಬಹುದು. ಮೊದಲ ಅರ್ಜಿಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೇ ಕಾರಣ. ಮಕ್ಕಳೆಂದರೆ ಅಲ್ಲಿ 22 ವರ್ಷದೊಳಗಿನವರು. ಇನ್ನು ಖಾಸಗಿ ಪ್ರಾಯೋಜಕತ್ವ: 1979ರಿಂದ ನಡೆದುಬಂದ ಈ ವ್ಯವಸ್ಥೆಯಲ್ಲಿ ಸಾಮಾನ್ಯ ಜನರೇ ಸೇರಿ ನಿರಾಶ್ರಿತ ಕುಟುಂಬವೊಂದರ ಒಂದು ವರ್ಷದ ಹೊಣೆ ಹೊರಬಹುದು. ಅಮ್ಮ, ತಂಗಿಯರನ್ನು ಕರೆಸಲೂ ಇದು ದಾರಿಯಾಗಬಹುದು. ಐದು ಜನರ ಗುಂಪಿನ ಹೊಸ ಅರ್ಜಿಗಳನ್ನು 2024ರ ನವೆಂಬರ್ ಕೊನೆಯಲ್ಲಿ ತಡೆಹಿಡಿಯಲಾಯಿತು. ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಚರ್ಚು, ಸಂಘಸಂಸ್ಥೆಗಳ ಮೂಲಕ ಹೋಗುವ ದಾರಿ ಬೇರೆಯೇ ಇದೆ. ಟೊರಾಂಟೊ ಸುತ್ತಮುತ್ತ ಕನ್ನಡ ಬಳಗಗಳಲ್ಲಿ ರಾಜ್ಯೋತ್ಸವಕ್ಕೆ ಹಣ ಕೂಡಿಸಿ ಅಭ್ಯಾಸವಿದ್ದವರು ಇಂಥ ಸಂಸ್ಥೆಯೊಂದರ ಜೊತೆ ಕೈಜೋಡಿಸಿದರೆ ಒಂದು ಮನೆ ಉಳಿಯುತ್ತದೆ.

ಅಮೆರಿಕದಲ್ಲಿ ಆಶ್ರಯ ಸಿಕ್ಕವರು ಎರಡು ವರ್ಷದೊಳಗೆ ಐ-730 ಅರ್ಜಿ ಹಾಕಬೇಕು. ಸಂಗಾತಿ ಮತ್ತು 21ರೊಳಗಿನ ಅವಿವಾಹಿತ ಮಕ್ಕಳಿಗೆ ಮಾತ್ರ. 2025ರ ಜನವರಿಯಲ್ಲಿ ನಿರಾಶ್ರಿತರ ಪ್ರವೇಶವನ್ನೂ ಜೂನ್‌ನಲ್ಲಿ ಅಫ್ಘನ್ನರ ಪ್ರವೇಶವನ್ನೂ ಅಲ್ಲಿನ ಅಧ್ಯಕ್ಷರ ಆದೇಶಗಳು ಬಹುಮಟ್ಟಿಗೆ ತಡೆದಿವೆ. ಆದರೂ ಗಡುವಿನೊಳಗೆ ಅರ್ಜಿ ಹಾಕಿಡಿ. ಆದೇಶ ಬದಲಾದೀತು, ಕಳೆದ ಗಡುವು ವಾಪಸ್ ಬರುವುದಿಲ್ಲ. ಬ್ರಿಟನ್ 2025ರ ಸೆಪ್ಟೆಂಬರ್ 4ರಿಂದ ನಿರಾಶ್ರಿತರ ಕುಟುಂಬ ಸೇರ್ಪಡೆಯ ಹೊಸ ಅರ್ಜಿಗಳನ್ನು ನಿಲ್ಲಿಸಿತು. ಅಲ್ಲಿರುವವರು ವಕೀಲರ ಮೂಲಕ ಬೇರೆ ವಲಸೆ ನಿಯಮಗಳನ್ನು ಹುಡುಕಬೇಕು.

ಇಲ್ಲಿ, ಭಾರತದಲ್ಲಿ ಇರುವವರಿಗೆ ಮೂರನೇ ದೇಶದಲ್ಲಿ ಪುನರ್ವಸತಿ ಸಿಗುವ ಸಾಧ್ಯತೆ ಬಹಳ ಕಡಿಮೆ. ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಅದು ಸಿಗುವುದಿಲ್ಲ. ‘ಇವತ್ತೋ ನಾಳೆಯೋ ಕೆನಡಾ’ ಎಂದು ಬದುಕನ್ನು ತಡೆದಿಟ್ಟುಕೊಂಡವರಿಗೆ ಇಲ್ಲೇ ಓದು, ಭಾಷೆ, ಸ್ನೇಹ ಕಟ್ಟಿಕೊಳ್ಳಲು ಹೇಳಿ. ಮಕ್ಕಳಿದ್ದರೆ ಸರಕಾರಿ ಶಾಲೆಗೆ ಸೇರಿಸಲು ಜೊತೆಗೆ ಹೋಗಿ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಿನ ಕಾಯ್ದೆ ಇದೆ. ಮುಖ್ಯೋಪಾಧ್ಯಾಯರು ಆಧಾರ್ ಕೇಳಿ ಹಿಂದೆಮುಂದೆ ನೋಡಿದರೆ ಜೊತೆಯಲ್ಲಿ ಕನ್ನಡ ಮಾತಾಡುವವರೊಬ್ಬರು ಇರುವುದೇ ದೊಡ್ಡ ಬಲ.

ಹಣ, ಬಂಧನ, ತಿರಸ್ಕಾರ, ನಾಪತ್ತೆ

ಊರಿಗೆ ಹಣ ಕಳಿಸಲು ಹವಾಲಾ ಅಫ್ಘಾನಿಸ್ತಾನದಲ್ಲಿ ನಿತ್ಯದ ಬಳಕೆ. ಭಾರತದಲ್ಲಿ ಅದು ಕಾನೂನುಬಾಹಿರ. ವೀಸಾ ತೂಗುಯ್ಯಾಲೆಯಲ್ಲಿರುವ ಹುಡುಗನ ಹೆಸರು ಅದರಲ್ಲಿ ಬರಬಾರದು, ನಿಮ್ಮ ಹೆಸರೂ ಬರಬಾರದು. ಹಣದ ನೆರವನ್ನು ಇಲ್ಲಿಯ ಖರ್ಚಿಗೆ ಕೊಡಿ: ಫೀಸು, ಬಾಡಿಗೆ, ಅನುವಾದ, ರೈಲು.

ಯಾರನ್ನಾದರೂ ಪೊಲೀಸರು ಹಿಡಿದರೆ ತಕ್ಷಣ ಮೂರು ಕರೆ ಮಾಡಿ: ವಕೀಲರಿಗೆ, 15100ಕ್ಕೆ, ಯುಎನ್‌ಎಚ್‌ಸಿಆರ್‌ಗೆ. ಬೆಂಗಳೂರು ಬಳಿ ನೆಲಮಂಗಲದ ಸೊಂಡೆಕೊಪ್ಪದಲ್ಲಿ ವಿದೇಶೀಯರನ್ನು ಇರಿಸುವ ಕೇಂದ್ರವಿದೆ. ಅಲ್ಲಿಗೆ ಕಳಿಸುವ ಮೊದಲೇ ನೋಂದಣಿ ಪತ್ರದ ಪ್ರತಿ ಠಾಣೆಯಲ್ಲಿ ತಲುಪಿದರೆ ಮುಂದಿನ ದಾರಿ ಸುಲಭ. ಆ ಪತ್ರದ ಸ್ಕ್ಯಾನ್ ನಿಮ್ಮ ಬಳಿಯೂ ಇರಲಿ.

ಅರ್ಜಿ ತಿರಸ್ಕಾರವಾದರೆ ಪತ್ರದಲ್ಲೇ ಮೇಲ್ಮನವಿಯ ಗಡುವು ಇರುತ್ತದೆ. ದುಃಖದಲ್ಲಿ ಆ ಹಾಳೆಯನ್ನು ಮಡಚಿಟ್ಟುಬಿಡುತ್ತಾರೆ. ನೀವು ತೆಗೆದು ಓದಿ, ಕಾರಣಗಳನ್ನು ಒಂದೊಂದಾಗಿ ಬರೆದುಕೊಳ್ಳಿ, ಪ್ರತಿಯೊಂದಕ್ಕೂ ಎದುರು ದಾಖಲೆ ಹುಡುಕಿ. ಇಸವಿಯ ಲೆಕ್ಕ ತಪ್ಪಿದ್ದು, ದುಭಾಷಿಯ ತಪ್ಪು ಇಂಥವು ಮೇಲ್ಮನವಿಯಲ್ಲಿ ಸರಿಹೋಗಬಲ್ಲವು.

ಮನೆಯವರ ಸಂಪರ್ಕವೇ ಕಡಿದುಹೋಗಿದ್ದರೆ ರೆಡ್ ಕ್ರಾಸ್‌ಗೆ ಹೋಗಿ. ಯುದ್ಧ, ವಲಸೆಯಲ್ಲಿ ಬೇರೆಯಾದವರನ್ನು ಹುಡುಕುವ ಕೆಲಸವನ್ನು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಮತ್ತು ದೇಶದೇಶಗಳ ರೆಡ್ ಕ್ರಾಸ್, ರೆಡ್ ಕ್ರೆಸೆಂಟ್ ಸಂಸ್ಥೆಗಳು ಉಚಿತವಾಗಿ ಮಾಡುತ್ತವೆ. ಭಾರತೀಯ ರೆಡ್ ಕ್ರಾಸ್ ಮೂಲಕ ಅರ್ಜಿ ಕೊಡಬಹುದು. ಕಾಣೆಯಾದವರ ಪೂರ್ತಿ ಹೆಸರು, ತಂದೆ ಮತ್ತು ಅಜ್ಜನ ಹೆಸರು, ಕೊನೆಯ ಸಲ ಮಾತಾಡಿದ ದಿನ, ಆಗ ಇದ್ದ ಊರು ಮತ್ತು ಜಿಲ್ಲೆ, ಜೊತೆಗಿದ್ದವರ ಹೆಸರು ಬರೆದುಕೊಂಡು ಹೋಗಿ. ಹುಡುಕುವುದರಿಂದ ಅವರಿಗೆ ಅಪಾಯವಾಗಬಹುದು ಎನಿಸಿದರೆ ಅರ್ಜಿ ಕೊಡುವ ಮೊದಲೇ ಅಲ್ಲಿಯ ಸಿಬ್ಬಂದಿಗೆ ಹೇಳಿ, ಅವರ ವಿವರಗಳನ್ನು ಬಹಿರಂಗ ಪಟ್ಟಿಯಲ್ಲಿ ಹಾಕದೆ ಹುಡುಕಲು ಕೇಳಿಕೊಳ್ಳಿ.